ಕೋರ್ಟು, ಕಚೇರಿ, ಕಡತ: ಕಾನೂನು-ಸಮಾಜ ಸಂಶೋಧನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್‌ಎಲ್‌ಎಂ ಓದುವವರು, ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿದವರು, ತಾಲ್ಲೂಕು ಕೋರ್ಟಿನ ವಕೀಲರು, ಸಂಘಟನೆಗಳಲ್ಲಿ ಇರುವವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಜಗಳದ್ದು ಕೊನೆಗೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಶುರು ಮಾಡುವವರಿಗೆ

ಲಾ ಕಾಲೇಜಲ್ಲಿ ಓದೋದೂ ಕಾನೂನೇ, ಇದೂ ಕಾನೂನೇ. ವ್ಯತ್ಯಾಸ ಏನು?

ಲಾ ಕಾಲೇಜಿನಲ್ಲಿ ಹೆಚ್ಚಾಗಿ ಕೇಳುವುದು, ಕಾನೂನು ಏನು ಹೇಳುತ್ತದೆ ಅಂತ. ಸೆಕ್ಷನ್ ಓದಿ, ತೀರ್ಪು ಓದಿ ಉತ್ತರ ಹೇಳಬಹುದು. ನಾವು ಕೇಳುವುದು, ಆ ಕಾನೂನು ಜನರ ಕೈಗೆ ಬಂದಾಗ ಏನಾಗುತ್ತದೆ ಅಂತ.

ಪಿಟಿಸಿಎಲ್ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯನ್ನೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಬೇರೆಯವರ ಪಾಲಾಗಬಾರದು ಅಂತ ಕರ್ನಾಟಕ 1978ರಲ್ಲಿ ಇದನ್ನು ತಂದಿತು. ಮಂಜೂರಾತಿಯ ಷರತ್ತು ಮುರಿದು ಮಾರಿದ್ದರೆ, ಆ ಮಾರಾಟ ಕಾಯ್ದೆ ಬರುವ ಮೊದಲೇ ಆಗಿದ್ದರೂ, ಅದು ಊರ್ಜಿತವಲ್ಲ. ಎಸಿ (ಉಪವಿಭಾಗಾಧಿಕಾರಿ) ಆ ಜಮೀನು ಬಿಡಿಸಿ ಮಂಜೂರಾದವರಿಗೋ ಅವರ ವಾರಸುದಾರರಿಗೋ ಕೊಡಿಸಬೇಕು, ಮೇಲ್ಮನವಿ ಡಿಸಿ ಹತ್ತಿರ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟ್, ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಬೇಕು ಎಂದಿತು. ತಡವಾಯಿತು ಎಂಬ ಕಾರಣಕ್ಕೆ ಅರ್ಜಿಗಳು ಬಿದ್ದುಹೋಗತೊಡಗಿದವು. ದಲಿತ ಸಂಘಟನೆಗಳು ಬೀದಿಗಿಳಿದವು. 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿ ಇಲ್ಲ ಅಂತ.

ಕಾನೂನಿನ ಪಠ್ಯ ಇಷ್ಟು ಹೇಳಿ ನಿಲ್ಲುತ್ತದೆ. ನಮ್ಮ ಕೆಲಸ ಇಲ್ಲಿಂದ ಶುರು. ಇಂಥ ಕಾಯ್ದೆ ಇದೆ ಅಂತ ವಾರಸುದಾರರಿಗೆ ಹೇಳಿದವರು ಯಾರು? ಮೂಲ ಮಂಜೂರಾತಿ ಕಡತ ತಾಲ್ಲೂಕು ಕಚೇರಿಯಲ್ಲಿ ಸಿಕ್ಕಿತಾ? ಎಸಿ ಆದೇಶ ಆದ ಮೇಲೆ ಪಹಣಿಯಲ್ಲಿ ಹೆಸರು ಬದಲಾಯಿತಾ? ಹೆಸರು ಬದಲಾದ ಮೇಲೂ ಆ ಹೊಲದಲ್ಲಿ ನೇಗಿಲು ಹೂಡುತ್ತಿರುವವರು ಯಾರು?

ಲಾ ಡಿಗ್ರಿ ಇಲ್ಲದೆ ಇದನ್ನು ಮಾಡಬಹುದಾ?

ಮಾಡಬಹುದು, ಬಹಳ ಜನ ಮಾಡಿದ್ದಾರೆ. ಆದರೆ ಕಾನೂನು ಗೊತ್ತಿಲ್ಲದೆ ಮಾಡೋಕಾಗುವುದಿಲ್ಲ. ನೀವು ಹಿಡಿದ ಕಾಯ್ದೆಯನ್ನು ಪೂರ್ತಿ ಓದಿ, ನಿಯಮಾವಳಿಯನ್ನೂ ಓದಿ. ಜನ ನಿಯಮಾವಳಿ ಬಿಟ್ಟುಬಿಡುತ್ತಾರೆ, ಕಚೇರಿ ನಡೆಯುವುದು ಮಾತ್ರ ಅದರ ಮೇಲೇ. ಹಾಗೆಯೇ ಲಾ ಓದಿದವರು ಎರಡು ಮೂರು ಒಳ್ಳೆಯ ಕ್ಷೇತ್ರಕಾರ್ಯದ ಬರಹಗಳನ್ನು ಓದದೆ ಪ್ರಶ್ನಾವಳಿ ಹಿಡಿದು ಹೊರಡಬೇಡಿ.

ಇದು ಅಮೆರಿಕದಿಂದ ಬಂದಿದ್ದಲ್ವಾ? ನಮ್ಮ ಕಡೆ ಯಾರು ಮಾಡಿದ್ದಾರೆ?

ಸಂಘ ಕಟ್ಟಿಕೊಂಡು ಒಂದು ಶಿಸ್ತು ಅಂತ ನಡೆಸಿದ್ದು ಅಮೆರಿಕದಲ್ಲಿ, 1964ರಿಂದ ಈಚೆಗೆ, ನಿಜ. ಅದಕ್ಕೂ ಮೊದಲು ಯೂಗೆನ್ ಎರ್ಲಿಶ್ ಎಂಬ ಕಾನೂನು ಪ್ರಾಧ್ಯಾಪಕ ಹಲವು ಭಾಷೆಯ ಜನ ಒಟ್ಟಿಗಿದ್ದ ಬುಕೋವಿನಾ ಪ್ರಾಂತ್ಯದಲ್ಲಿ ಕೂತು, ಜನ ಬದುಕುವ ಕಾನೂನು ಸರ್ಕಾರದ ಸಂಹಿತೆಗಿಂತ ಬೇರೆ ಅಂತ 1913ರಲ್ಲೇ ಬರೆದಿದ್ದರು.

ನಮ್ಮ ಕಡೆ ಅಂದರೆ ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರನ್ನು ಮರೆಯುವ ಹಾಗಿಲ್ಲ. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದುಕೊಂಡು ಕೆಲಸ ಮಾಡಿದರು, ಬರವಣಿಗೆಯಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. ಅಲ್ಲಿನ ಒಂದು ಅವಿಭಕ್ತ ಕುಟುಂಬದ ಪಾಲಿನ ಜಗಳ, ಅಗಸರೊಳಗಿನ ಒಂದು ಜಾತಿ ಜಗಳ, ಇವನ್ನು ಎಳೆ ಎಳೆಯಾಗಿ ಬಿಡಿಸಿ 1950ರ ದಶಕದ ಆರಂಭದಲ್ಲೇ ಬರೆದರು. ಯಾರು ಯಾರ ಪರ ಮಾತಾಡಿದರು, ಯಜಮಾನರು ಯಾವಾಗ ಸುಮ್ಮನಾದರು, ದಂಡ ಎಷ್ಟು ಹಾಕಿದರು ಎಂಬುದರಿಂದ ಊರಿನ ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಿದರು. ಇವತ್ತಿಗೂ ಒಂದು ಜಗಳವನ್ನು ಹಿಡಿದು ಕೆಲಸ ಮಾಡುವುದು ಹೇಗೆ ಅಂತ ಕೇಳಿದವರಿಗೆ ನಾನು ಮೊದಲು ಹೇಳುವುದು ಆ ಲೇಖನಗಳನ್ನೇ.

ಆಮೇಲೆ ಅಮೆರಿಕದ ಕಾನೂನು ಪ್ರಾಧ್ಯಾಪಕ ಮಾರ್ಕ್ ಗ್ಯಾಲಂಟರ್ ನಮ್ಮ ಅಸ್ಪೃಶ್ಯತೆ ನಿಷೇಧ, ಮೀಸಲಾತಿಯ ತೀರ್ಪುಗಳ ಮೇಲೆ ದಶಕಗಳ ಕೆಲಸ ಮಾಡಿದರು. ಉಪೇಂದ್ರ ಬಕ್ಷಿ ಭಾರತದ ನ್ಯಾಯವ್ಯವಸ್ಥೆಯ ಬಿಕ್ಕಟ್ಟಿನ ಬಗ್ಗೆ ಬರೆದರು. ಪ್ರತೀಕ್ಷಾ ಬಕ್ಷಿ ಅತ್ಯಾಚಾರ ಪ್ರಕರಣಗಳ ವಿಚಾರಣೆಯನ್ನು ಗುಜರಾತಿನ ಕೋರ್ಟಿನೊಳಗೇ ಕೂತು ನೋಡಿ ಬರೆದರು.

ನಿನ್ನ ವಿಷಯ ತುಂಬಾ ದೊಡ್ಡದು ಅಂತ ಗೈಡ್ ಹೇಳ್ತಾರೆ. ಚಿಕ್ಕದು ಮಾಡೋದು ಹೇಗೆ?

ಒಂದು ಕಾಗದವನ್ನೋ, ಒಂದು ಮೇಜನ್ನೋ, ಒಬ್ಬ ಅಧಿಕಾರಿಯನ್ನೋ ಹುಡುಕಿ. "ಕೌಟುಂಬಿಕ ಹಿಂಸೆ ಕಾಯ್ದೆಯ ಪರಿಣಾಮ" ಅಂದರೆ ಹತ್ತು ವರ್ಷವಾದರೂ ಮುಗಿಯುವುದಿಲ್ಲ. ನಮ್ಮಲ್ಲಿ 2005ರ ಆ ಕಾಯ್ದೆಯ ಸಂರಕ್ಷಣಾಧಿಕಾರಿ ಕೆಲಸ ಸಿಡಿಪಿಒಗಳ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ) ಹೆಗಲಿಗೆ ಬಿದ್ದಿದೆ, ಅಂಗನವಾಡಿ ನೋಡಿಕೊಳ್ಳುವುದರ ಜತೆಗೇ. ಅವರು ಹೆಂಗಸಿನ ಮಾತು ಕೇಳಿ ಡಿಐಆರ್ (ಕೌಟುಂಬಿಕ ಘಟನಾ ವರದಿ) ಅಂತ ಒಂದು ವರದಿ ಬರೆಯುತ್ತಾರೆ. ಆ ವರದಿಯಲ್ಲಿದ್ದ ಯಾವ ಮಾತು ಮ್ಯಾಜಿಸ್ಟ್ರೇಟ್ ಆದೇಶದವರೆಗೆ ಬಂತು, ಯಾವುದು ದಾರಿಯಲ್ಲೇ ಬಿದ್ದುಹೋಯಿತು? ಇದೊಂದು ಪ್ರಶ್ನೆ ಸಾಕು.

## ಕೆಲಸಕ್ಕೆ ಇಳಿದ ಮೇಲೆ

ಕೋರ್ಟ್ ಹಾಲ್‌ನಲ್ಲಿ ಸುಮ್ನೆ ಹೋಗಿ ಕೂತ್ಕೋಬಹುದಾ?

ಕೂತುಕೊಳ್ಳಬಹುದು. ಕ್ರಿಮಿನಲ್ ವಿಚಾರಣೆ ನಡೆಯುವ ಜಾಗ ತೆರೆದ ನ್ಯಾಯಾಲಯ ಅಂತ ಕಾನೂನೇ ಹೇಳುತ್ತದೆ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನಲ್ಲಿ ಅದು 366ನೇ ಸೆಕ್ಷನ್. ಅತ್ಯಾಚಾರದ ವಿಚಾರಣೆ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣ ಗೌಪ್ಯ. ಕೌಟುಂಬಿಕ ನ್ಯಾಯಾಲಯದಲ್ಲಿ ಕಕ್ಷಿದಾರರು ಬೇಡ ಅಂದರೆ ಹೊರಗೆ ಹೋಗಬೇಕು. ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ. ಹೈಕೋರ್ಟ್ ಕಲಾಪ ನೇರ ಪ್ರಸಾರದಲ್ಲಿ ನೋಡಬಹುದು, ಆದರೆ ಅನುಮತಿ ಇಲ್ಲದೆ ಅದನ್ನು ಕತ್ತರಿಸಿ ಹಂಚುವ ಹಾಗಿಲ್ಲ.

ಹಕ್ಕು ಇದೆ ಅಂತ ನೇರವಾಗಿ ಹೋಗಿ ಕೂತರೆ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಮೊದಲ ದಿನವೇ ಬೆಂಚ್ ಕ್ಲರ್ಕ್ ಮತ್ತು ಶಿರಸ್ತೇದಾರರಿಗೆ ಕಾಲೇಜಿನ ಪತ್ರ ತೋರಿಸಿ, ಏನು ಮಾಡುತ್ತಿದ್ದೀರಿ ಅಂತ ನಾಲ್ಕು ಮಾತಲ್ಲಿ ಹೇಳಿ. ಆಮೇಲೆ ಜಡ್ಜ್ ಒಬ್ಬರನ್ನೇ ನೋಡುತ್ತಾ ಕೂರಬೇಡಿ. ಹೆಸರು ಕೂಗಿದಾಗ ಯಾರು ಓಡಿ ಬರುತ್ತಾರೆ, ವಾಯಿದೆ ಕೊಟ್ಟಾಗ ಕಕ್ಷಿದಾರರಿಗೆ ಆ ದಿನಾಂಕ ಹೇಳುವವರು ಯಾರು, ಬಾಗಿಲ ಹೊರಗಿನ ಬೆಂಚಿನಲ್ಲಿ ಯಾವ ಮಾತುಕತೆ ನಡೆಯುತ್ತಿದೆ, ಇದೆಲ್ಲ ನೋಡಿ. ಎಷ್ಟೋ ಕೇಸು ರಾಜಿಯಾಗುವುದು ಆ ಬೆಂಚಿನ ಮೇಲೇ.

ಕಡತ ಹೇಗೆ ಸಿಗುತ್ತೆ? ಆರ್‌ಟಿಐ ಹಾಕಿದ್ರೆ ಸಾಕಾ?

ಯಾವ ಕಡತ ಅನ್ನುವುದರ ಮೇಲೆ ಹೋಗುತ್ತದೆ. ನ್ಯಾಯಾಲಯದ ಕಡತಕ್ಕೆ ಆರ್‌ಟಿಐ ದಾರಿಯಲ್ಲ. ಆಯಾ ಹೈಕೋರ್ಟ್ ನಿಯಮದ ಪ್ರಕಾರವೇ ನಕಲು ಅರ್ಜಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ, ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ನೀವು ಕಕ್ಷಿದಾರರಲ್ಲದಿದ್ದರೆ ಯಾಕೆ ಬೇಕು ಅಂತ ಕಾರಣ ತೋರಿಸಬೇಕಾಗುತ್ತದೆ. ಕಕ್ಷಿದಾರರ ಒಪ್ಪಿಗೆ ಪಡೆದು ವಕೀಲರ ಹತ್ತಿರ ಇರುವ ಪ್ರತಿ ನೋಡುವುದೇ ಎಷ್ಟೋ ಸುಲಭ.

ಎಸಿ, ಡಿಸಿ, ತಹಶೀಲ್ದಾರ್ ಕಚೇರಿಗೆ ಆರ್‌ಟಿಐ ಹಾಕಬಹುದು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಆರ್‌ಟಿಐನ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕಲು ದಾರಿ ಮಾಡಿದೆ. ಮೊದಲು ಅದೇ ಕಲಮಿನಲ್ಲೇ ಸಾರ್ವಜನಿಕ ಹಿತದ ಮಾತಿತ್ತು. ಈಗ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಅನ್ನುವ 8(2)ನ್ನು ಎತ್ತಿ ವಾದಿಸಬೇಕು. ಭೂ ದಾಖಲೆಯ ಕಡತದಲ್ಲಿ ಹೆಸರಿಲ್ಲದ ಹಾಳೆಯೇ ಇರುವುದಿಲ್ಲ, ಹಾಗಾಗಿ ನಮ್ಮಂಥವರಿಗೆ ಇದು ದೊಡ್ಡ ಪೆಟ್ಟು ಅಂತಲೇ ನನ್ನ ಅಭಿಪ್ರಾಯ. ಅರ್ಜಿಯಲ್ಲಿ ವ್ಯಕ್ತಿಯ ಮಾಹಿತಿ ಕೇಳುವ ಬದಲು ಎಷ್ಟು ಅರ್ಜಿ ಬಂತು, ಎಷ್ಟು ವಜಾ ಆಯಿತು, ಯಾವ ಕಾರಣಕ್ಕೆ ಅಂತ ಕೇಳಿದರೆ ಉತ್ತರ ಬರುವ ಸಾಧ್ಯತೆ ಜಾಸ್ತಿ.

ಸಾಕ್ಷಿ ಹೇಳಿಕೆ ಕಡತದಲ್ಲೇ ಇದೆ. ಅದನ್ನೇ ಅವರ ಮಾತು ಅಂತ ಬರೀಬಹುದಲ್ವಾ?

ಬರೆಯಬೇಡಿ. ಈ ಒಂದು ವಿಷಯವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಕೋರ್ಟಿನಲ್ಲಿ ಸಾಕ್ಷಿಯನ್ನು ಸಾಮಾನ್ಯವಾಗಿ ಕಥನದ ರೂಪದಲ್ಲಿ ಬರೆದುಕೊಳ್ಳುತ್ತಾರೆ. ಅಂದರೆ ಪ್ರಶ್ನೆ ಮಾಯವಾಗುತ್ತದೆ, ಉತ್ತರ ಮಾತ್ರ ಉಳಿಯುತ್ತದೆ. ವಕೀಲರು, "ನಿಮ್ಮ ಗಂಡ ಕುಡಿದು ಬಂದು ಹೊಡೀತಿದ್ರಾ?" ಅಂತ ಕೇಳುತ್ತಾರೆ ಅಂತಿಟ್ಟುಕೊಳ್ಳಿ. ಆಕೆ ತಲೆ ತಗ್ಗಿಸಿ "ಹೂಂ" ಅನ್ನುತ್ತಾಳೆ. ಕಡತಕ್ಕೆ ಹೋಗುವುದು, "ನನ್ನ ಗಂಡ ಮದ್ಯಪಾನ ಮಾಡಿ ಬಂದು ನನಗೆ ಹೊಡೆಯುತ್ತಿದ್ದರು." ಪಾಟೀ ಸವಾಲಿನಲ್ಲಿ ಇನ್ನೂ ಜೋರು. "ನಾನು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಎಂಬ ವಾಕ್ಯ ಎಷ್ಟು ಕಡತದಲ್ಲಿ ಇದೆ ಅಂತ ಲೆಕ್ಕವೇ ಇಲ್ಲ. ಯಾವ ಮನುಷ್ಯರೂ ಹಾಗೆ ಮಾತಾಡುವುದಿಲ್ಲ. ಅದು ಎದುರು ವಕೀಲರ ಸಲಹೆ, ಸಾಕ್ಷಿಯ "ಇಲ್ಲ", ಬರೆಸಿದವರ ಭಾಷೆ, ಮೂರೂ ಸೇರಿ ಆದ ವಾಕ್ಯ.

ಪೊಲೀಸ್ ಹೇಳಿಕೆಯದ್ದು ಬೇರೆ ಕಥೆ. ಪಕ್ಕಪಕ್ಕದ ಮೂರು ಸಾಕ್ಷಿಗಳ ಹೇಳಿಕೆ ಒಂದೇ ಪದಗಳಲ್ಲಿ, ಒಂದೇ ಕ್ರಮದಲ್ಲಿ ಇದ್ದರೆ ಅದನ್ನು ಮೂರು ಸಾಕ್ಷ್ಯ ಅಂತ ಎಣಿಸಬೇಡಿ. ಕಡತ ಎಂದರೆ ನಡೆದದ್ದಲ್ಲ, ಕಚೇರಿ ಬರೆದುಕೊಂಡದ್ದು. ಹಾಗಂತ ಅದನ್ನು ಬಿಸಾಡಬೇಕಿಲ್ಲ. ಕಚೇರಿ ಏನನ್ನು ಬರೆದುಕೊಳ್ಳಲು ಯೋಗ್ಯ ಅಂದುಕೊಂಡಿತು ಎಂಬುದಕ್ಕೆ ಅದರಷ್ಟು ಒಳ್ಳೆಯ ಆಧಾರ ಬೇರೆ ಇಲ್ಲ. ಆಗುವುದಾದರೆ ವಿಚಾರಣೆ ದಿನ ಹಾಲ್‌ನಲ್ಲಿ ಕೂತು ಕೇಳಿಸಿಕೊಂಡದ್ದನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಕಡತದ ಜತೆ ಇಟ್ಟು ನೋಡಿ. ಎರಡರ ನಡುವೆ ಏನು ಬಿಟ್ಟುಹೋಯಿತೋ ಅದರಲ್ಲೇ ಒಂದು ಅಧ್ಯಾಯ ಸಿಗುತ್ತದೆ.

ಎಷ್ಟು ಜನರನ್ನು ಮಾತಾಡಿಸಿದ್ರೆ ಪಿಎಚ್‌ಡಿಗೆ ಸಾಕು?

ಸಂಖ್ಯೆ ಕೇಳಬೇಡಿ, ಯಾರು ಬಿಟ್ಟುಹೋಗಿದ್ದಾರೆ ಅಂತ ಕೇಳಿಕೊಳ್ಳಿ. ಬರೀ ಗೆದ್ದವರನ್ನು ಮಾತಾಡಿಸಿದ್ದೀರಾ? ಬರೀ ಅರ್ಜಿದಾರರನ್ನಾ? ಅರ್ಜಿ ಬರೆದುಕೊಟ್ಟ ಪತ್ರಬರಹಗಾರರು, ಕೇಸ್ ವರ್ಕರ್, ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿ), ಜಮೀನು ಕೊಂಡವರು ಎಲ್ಲಿ? ಅವರೂ ಬಂದು, ಹೊಸಬರು ಹೇಳುವುದು ಹಳಬರು ಹೇಳಿದ್ದೇ ಅನ್ನಿಸತೊಡಗಿದರೆ ಆವಾಗ ನಿಲ್ಲಿಸಿ.

'ನಿಮಗೆ ಕಾನೂನು ಸಮಸ್ಯೆ ಇತ್ತಾ' ಅಂತ ಕೇಳಿದ್ರೆ ಎಲ್ಲರೂ ಇಲ್ಲ ಅಂತಾರೆ. ಏನು ಮಾಡೋದು?

ಪ್ರಶ್ನೆಯೇ ತಪ್ಪು. ಜನರಿಗೆ ತೊಂದರೆ ಇರುತ್ತದೆ, ಅದು ಕಾನೂನಿನದು ಅಂತ ಅವರಿಗೆ ಅನ್ನಿಸಿರುವುದಿಲ್ಲ. ಫೆಲ್‌ಸ್ಟೈನರ್, ಏಬೆಲ್, ಸರತ್ ಎಂಬ ಮೂವರು 1980ರ ಹೊತ್ತಿಗೆ ಇದನ್ನೇ ಮೂರು ಮೆಟ್ಟಿಲಾಗಿ ಬಿಡಿಸಿದರು. ಅನ್ಯಾಯ ಆಗಿದೆ ಅಂತ ಮೊದಲು ಗೊತ್ತಾಗಬೇಕು, ಇಂಥವರಿಂದ ಆಯಿತು ಅಂತ ಬೆರಳು ತೋರಿಸಬೇಕು, ಆಮೇಲೆ ನನಗೆ ಇಷ್ಟು ಕೊಡಿ ಅಂತ ಕೇಳಬೇಕು. ಹೆಚ್ಚಿನವರು ಮೊದಲ ಮೆಟ್ಟಿಲಲ್ಲೇ ನಿಂತಿರುತ್ತಾರೆ. "ಹಣೆಬರಹ" ಅಂತ ಸುಮ್ಮನಾದವರನ್ನು ಯಾವ ಕೋರ್ಟಿನ ಅಂಕಿಅಂಶವೂ ಹಿಡಿಯುವುದಿಲ್ಲ.

ಹಾಗಾಗಿ ಬೇರೆ ಥರ ಕೇಳಿ. ಕೂಲಿ ಯಾರಾದರೂ ಬಾಕಿ ಉಳಿಸಿಕೊಂಡಿದ್ದಾರಾ? ವಿಧವಾ ವೇತನ ಯಾವತ್ತಾದರೂ ನಿಂತಿತ್ತಾ? ಬೇಲಿ ಸರಿಸಿದ್ದಾರಾ? ಖಾತೆ ಮಾಡಿಸೋಕೆ ಎಷ್ಟು ಸಲ ಅಲೆದಿರಿ? ಇಂಥ ಪ್ರಶ್ನೆಗೆ ಮಾತು ತಾನಾಗಿ ಬರುತ್ತದೆ. ಕೋರ್ಟ್ ಆವರಣದಲ್ಲಿ ಮಾಡುವ ಸಮೀಕ್ಷೆಗಳು ಉಪಯುಕ್ತ. ಬೆಂಗಳೂರಿನ ದಕ್ಷ್ ಸಂಸ್ಥೆ ದೇಶದ ಅನೇಕ ಜಿಲ್ಲಾ ಕೋರ್ಟುಗಳಲ್ಲಿ ಕಕ್ಷಿದಾರರನ್ನು ಮಾತಾಡಿಸಿ ಒಂದು ಸಲ ಬರುವುದಕ್ಕೆ ಎಷ್ಟು ಖರ್ಚು, ಎಷ್ಟು ಕೂಲಿ ನಷ್ಟ ಅಂತ ತೋರಿಸಿದ್ದು ದೊಡ್ಡ ಕೆಲಸ. ಆದರೆ ಮೆಟ್ಟಿಲು ಹತ್ತದೇ ಉಳಿದವರನ್ನು ಹುಡುಕಲು ಊರಿಗೇ ಹೋಗಬೇಕು.

ಮಾತಾಡುವಾಗ ಯಾರಾದ್ರೂ 'ಲಂಚ ಕೊಟ್ಟೆ' ಅಂದ್ಬಿಟ್ರೆ? ನನಗೇನಾದ್ರೂ ತೊಂದರೆನಾ?

ವಕೀಲರಿಗೆ ಕಕ್ಷಿದಾರರ ಮಾತು ಗುಟ್ಟಾಗಿಡುವ ರಕ್ಷಣೆ ಕಾನೂನಿನಲ್ಲಿದೆ. ಸಂಶೋಧಕರಿಗೆ ಇಲ್ಲ. ಪೊಲೀಸರು, ಕೋರ್ಟು ಕೇಳಿದರೆ ನಿಮ್ಮ ಟಿಪ್ಪಣಿ ಕೊಡಬೇಕಾಗಬಹುದು. ಆದ್ದರಿಂದ ಕೊಡೋಕೆ ಏನೂ ಇರದ ಹಾಗೆ ಬರೆದಿಡಿ. ಹೆಸರು, ಸರ್ವೆ ನಂಬರ್, ಕೇಸ್ ನಂಬರ್ ಟಿಪ್ಪಣಿಯಲ್ಲಿ ಬೇಡವೇ ಬೇಡ. ಊರಿನ ಹೆಸರು ಬದಲಾಯಿಸಿ, ಆದರೆ ಕೇಸ್ ನಂಬರ್ ಉಳಿಸಿದರೆ ಯಾರು ಬೇಕಾದರೂ ಇ-ಕೋರ್ಟ್ಸ್‌ನಲ್ಲಿ ಅರ್ಧ ನಿಮಿಷದಲ್ಲಿ ಪತ್ತೆಹಚ್ಚುತ್ತಾರೆ.

ಎರಡು ಕಡೆ ಹುಷಾರು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೋ ಪ್ರಕಾರ ತಿಳಿಸಲೇಬೇಕು, ಗುಟ್ಟು ಕಾಪಾಡುತ್ತೇನೆ ಅಂತ ಮೊದಲೇ ಮಾತು ಕೊಟ್ಟುಬಿಡಬೇಡಿ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧ. ಹೆಸರು ಬಿಟ್ಟು ಊರು, ವಯಸ್ಸು, ಅಪ್ಪನ ಕಸುಬು ಬರೆದರೂ ಗುರುತು ಬಯಲಾದ ಹಾಗೇ.

## ಅಂಕಿಅಂಶ ಹಿಡಿದವರಿಗೆ

ಶಿಕ್ಷೆ ಪ್ರಮಾಣ ಅಷ್ಟು ಕಡಿಮೆ ಅಂದ್ರೆ ಸುಳ್ಳು ಕೇಸ್ ಅಂತಲೇ ಅರ್ಥ ಅಲ್ವಾ?

ಅಲ್ಲ. ಈ ಜಿಗಿತ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಕಾಣುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2014ರ ಅರ್ನೇಶ್ ಕುಮಾರ್ ತೀರ್ಪು 498ಎ (ಹೆಂಡತಿಗೆ ಗಂಡ, ಅವನ ಮನೆಯವರು ಕೊಡುವ ಹಿಂಸೆಯ ಐಪಿಸಿ ಸೆಕ್ಷನ್, ಈಗ ಬಿಎನ್‌ಎಸ್ 85) ಬಗ್ಗೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ ಅಂಕಿ ಎತ್ತಿಕೊಂಡಿತು: ಶೇ 93.6 ಪ್ರಕರಣದಲ್ಲಿ ಆರೋಪಪಟ್ಟಿ, ಶೇ 15ರಲ್ಲಿ ಮಾತ್ರ ಶಿಕ್ಷೆ. ಇದನ್ನು ಕಾನೂನಿನ ದುರ್ಬಳಕೆಯ ಮಾತಿನ ಜತೆಗಿಟ್ಟು ಓದಲಾಯಿತು. ಈಗ ಕೇಸು ನಡೆಯುವ ರೀತಿ ನೋಡಿ. 498ಎ ರಾಜಿ ಮಾಡಿಕೊಳ್ಳಬಹುದಾದ ಅಪರಾಧ ಅಲ್ಲ. ಎರಡು ಮನೆಯವರು ಒಪ್ಪಂದಕ್ಕೆ ಬಂದರು, ಒಡವೆ ವಾಪಸ್ ಕೊಟ್ಟರು, ವಿಚ್ಛೇದನಕ್ಕೆ ಸಹಿ ಆಯಿತು ಅನ್ನಿ. ಆದರೂ ವಿಚಾರಣಾ ಕೋರ್ಟಿನಲ್ಲಿ ಆ ಕೇಸನ್ನು ಸುಮ್ನೆ ವಾಪಸ್ ತಗೊಳ್ಳೋಕಾಗುವುದಿಲ್ಲ. ಒಂದೋ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು, ಅದಕ್ಕೆ ದುಡ್ಡು ಬೇಕು. ಇಲ್ಲಾ ಆಕೆ ಸಾಕ್ಷಿ ಕಟಕಟೆಯಲ್ಲಿ ನಿಂತು "ನನಗೇನೂ ಗೊತ್ತಿಲ್ಲ" ಅನ್ನಬೇಕು. ಪ್ರತಿಕೂಲ ಸಾಕ್ಷಿ, ಆರೋಪಿ ಖುಲಾಸೆ. ಲೆಕ್ಕದಲ್ಲಿ ಇದು ಸೋತ ಕೇಸು. ನಿಜವಾಗಿ ಇದು ರಾಜಿಯಾದ ಕೇಸು.

ಜಾತಿ ದೌರ್ಜನ್ಯದಲ್ಲಿ ಇನ್ನೂ ಕಠೋರ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿ ಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ಏಳು ಜನ ಸತ್ತದ್ದು ಸುಳ್ಳಾ? ಖುಲಾಸೆಯ ಅಂಕಣದಲ್ಲಿ ಅದೂ ಒಂದು ಗೆರೆಯೇ. 2018ರ ಮಾರ್ಚ್ 20ರ ಸುಭಾಷ್ ಕಾಶಿನಾಥ್ ಮಹಾಜನ್ ತೀರ್ಪು ಸುಳ್ಳು ಕೇಸಿನ ಅಂಕಿಗಳನ್ನು ಉಲ್ಲೇಖಿಸಿಯೇ ದೌರ್ಜನ್ಯ ತಡೆ ಕಾಯ್ದೆಯ ಬಂಧನಕ್ಕೆ ಕಡಿವಾಣ ಹಾಕಿತ್ತು. ಏಪ್ರಿಲ್ 2ರಂದು ಭಾರತ್ ಬಂದ್ ಆಯಿತು, ಆಗಸ್ಟ್‌ನಲ್ಲಿ ಸಂಸತ್ತು ಬಂಧನಕ್ಕೆ ಮೊದಲೇ ಅನುಮತಿ ಬೇಕಿಲ್ಲ ಅನ್ನುವ 18ಎ ಕಲಮು ತಂದಿತು, 2019ರ ಅಕ್ಟೋಬರ್ 1ರಂದು ಕೋರ್ಟೇ ತನ್ನ ನಿರ್ದೇಶನಗಳನ್ನು ಹಿಂತೆಗೆದುಕೊಂಡಿತು.

ಪೊಲೀಸ್ ಅಂಕಿ ಬಳಸುವ ಮುನ್ನ ಇನ್ನೆರಡು ಗೊತ್ತಿರಲಿ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಎನ್‌ಸಿಆರ್‌ಬಿ ಅತಿ ಘೋರವಾದದ್ದನ್ನು ಮಾತ್ರ ಎಣಿಸುತ್ತದೆ, ಅತ್ಯಾಚಾರ ಮಾಡಿ ಕೊಂದರೆ ಅದು ಅತ್ಯಾಚಾರದ ಲೆಕ್ಕಕ್ಕೆ ಬರುವುದಿಲ್ಲ. 'ಬಿ ರಿಪೋರ್ಟ್' (ದೂರಿಗೆ ಆಧಾರ ಇಲ್ಲ ಅಂತ ಪೊಲೀಸರು ಕೇಸು ಮುಚ್ಚಲು ಕೊಡುವ ವರದಿ) ಅನ್ನುವುದು ತನಿಖಾಧಿಕಾರಿಯ ಅಭಿಪ್ರಾಯ, ಕೋರ್ಟಿನ ತೀರ್ಮಾನ ಅಲ್ಲ. ದೂರುದಾರರು ಅದಕ್ಕೆ ತಕರಾರು ಹಾಕಿದರಾ ಅಂತ ನೋಡದೆ ಅದನ್ನು ಸುಳ್ಳು ಅಂತ ಬರೆಯಬಾರದು.

ಎನ್‌ಜೆಡಿಜಿಯಲ್ಲಿ ಎಲ್ಲಾ ಕೇಸ್ ಇದೆ. ಇನ್ನು ಫೀಲ್ಡ್‌ವರ್ಕ್ ಯಾಕೆ?

ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲ ಬಂದದ್ದು ತುಂಬಾ ಒಳ್ಳೆಯದಾಯಿತು. ಜಿಲ್ಲಾ ಕೋರ್ಟುಗಳಲ್ಲಿ 4 ಕೋಟಿಗೂ ಹೆಚ್ಚು ಕೇಸು ಬಾಕಿ ಅಂತ ಇವತ್ತು ಕೂತಲ್ಲೇ ನೋಡಬಹುದು. ಎಷ್ಟು ದಿನ ಆಯಿತು ಅಂತ ಅದು ಹೇಳುತ್ತದೆ. ಯಾಕೆ ಆಯಿತು ಅಂತ ಹೇಳುವುದಿಲ್ಲ. ಒಂದೇ ಬಗೆಯ ಕೇಸಿಗೆ ರಾಜ್ಯಕ್ಕೊಂದು ಹೆಸರು, ಹೀಗಾಗಿ ಹೋಲಿಸುವಾಗ ಎಡವುತ್ತೀರಿ. ಮುಖ್ಯವಾಗಿ, ಎಸಿ ಕೋರ್ಟು, ಡಿಸಿ ಕೋರ್ಟು, ತಹಶೀಲ್ದಾರ್ ಕೋರ್ಟು ಅದರಲ್ಲಿ ಇಲ್ಲ. ಹಳ್ಳಿಯವರ ಜಮೀನಿನ ಹಣೆಬರಹ ಬಹುಪಾಲು ತೀರ್ಮಾನವಾಗುವುದು ಅಲ್ಲೇ ಅಲ್ವಾ?

ಜಡ್ಜ್‌ಗಳು ತಮ್ಮವರ ಪರ ಅಂತ ಡೇಟಾದಿಂದ ತೋರಿಸಬಹುದಾ?

ಪ್ರಯತ್ನ ಆಗಿದೆ. ಎಲಿಯಟ್ ಆಶ್, ಸ್ಯಾಮ್ ಆಶರ್, ಪಾಲ್ ನೊವೊಸಾದ್ ಮತ್ತು ಜತೆಗಾರರು 2010ರಿಂದ 2018ರವರೆಗಿನ ಸುಮಾರು 8 ಕೋಟಿ ಕೇಸಿನ ದಾಖಲೆ ಇಳಿಸಿಕೊಂಡರು. ಹೆಸರಿನ ಮೇಲೆ ಜಡ್ಜ್ ಮತ್ತು ಆರೋಪಿಯ ಲಿಂಗ, ಧರ್ಮ ಅಂದಾಜು ಮಾಡಿ, ಒಂದೇ ಗುಂಪಿನವರಾದರೆ ಖುಲಾಸೆ ಜಾಸ್ತಿ ಆಗುತ್ತದಾ ಅಂತ ನೋಡಿದರು. ಒಟ್ಟಾರೆ ಲಿಂಗ, ಧರ್ಮದ ವಿಷಯದಲ್ಲಿ ಅಂಥ ಒಲವು ಕಾಣಲಿಲ್ಲ.

ಇದನ್ನು ಕೆಲವರು "ಕೋರ್ಟಿನಲ್ಲಿ ತಾರತಮ್ಯವೇ ಇಲ್ಲ" ಅಂತ ಓದಿದರು. ಅಧ್ಯಯನ ಅಷ್ಟು ಹೇಳಿಲ್ಲ. ಎಲ್ಲ ಜಡ್ಜ್‌ಗಳೂ ಒಂದು ಸಮುದಾಯದ ಮೇಲೆ ಒಂದೇ ಥರ ಕಠಿಣವಾಗಿದ್ದರೆ ಈ ಹೋಲಿಕೆಯಲ್ಲಿ ಅದು ಬೀಳುವುದೇ ಇಲ್ಲ. ಯಾರನ್ನು ಬಂಧಿಸಬೇಕು ಅಂತ ಠಾಣೆಯಲ್ಲಿ ಆದ ತೀರ್ಮಾನವೂ ಇದರ ಹೊರಗೆ. ಇನ್ನು ಜಾತಿಯ ಮಾತು. ಉತ್ತರದಲ್ಲಿ ಅಡ್ಡಹೆಸರು ನೋಡಿ ಏನಾದರೂ ಊಹಿಸಬಹುದೇನೋ. ಹಳೇ ಮೈಸೂರಿನ ಕಡೆ "ಮಂಜುನಾಥ ಎಚ್.ಎಸ್." ಅಂತ ಇದ್ದರೆ ಯಾವ ಯಂತ್ರ ಏನು ಹೇಳುತ್ತದೆ? ಜಾತಿ ಇಲ್ಲಿ ಹೆಸರಿನಲ್ಲಿಲ್ಲ, ಊರಿನ ನೆನಪಿನಲ್ಲಿದೆ.

ಜಡ್ಜ್‌ಗಳ ಮೇಲಿನ ಇನ್ನೊಂದು ಹೆಸರಾದ ಲೆಕ್ಕ ಇಸ್ರೇಲಿನದು. ಊಟದ ವಿರಾಮ ಮುಗಿದ ಕೂಡಲೇ ಕೈದಿಗಳಿಗೆ ಪೆರೋಲ್ ಜಾಸ್ತಿ ಸಿಗುತ್ತದೆ ಅಂತ 2011ರಲ್ಲಿ ಬಂತು. ಕೇಸುಗಳು ಬರುವ ಕ್ರಮ ಯಾದೃಚ್ಛಿಕ ಅಲ್ಲ, ವಕೀಲರಿಲ್ಲದವರ ಸರದಿ ವಿರಾಮಕ್ಕೆ ಮುಂಚೆ ಕೊನೆಗೆ ಬರುತ್ತದೆ ಅಂತ ಬೇರೆಯವರು ತಕ್ಷಣ ತಕರಾರು ತೆಗೆದರು. ಆ ಕೋರ್ಟಿನಲ್ಲಿ ಒಂದು ವಾರ ಕೂತಿದ್ದರೆ ಗೊತ್ತಾಗುವ ಸಂಗತಿ ಇದು.

## ಈಗ ನಡೆಯುತ್ತಿರುವ ಚರ್ಚೆಗಳು

ದುಡ್ಡಿದ್ದವರೇ ಗೆಲ್ತಾರೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಸಂಶೋಧನೆ ಬೇಕಾ?

ಯಾಕೆ ಗೆಲ್ಲುತ್ತಾರೆ ಅನ್ನುವುದು ಗೊತ್ತಿಲ್ಲ, ಅದಕ್ಕೆ ಬೇಕು. ಗ್ಯಾಲಂಟರ್ 1974ರಲ್ಲಿ ಕೊಟ್ಟ ಉತ್ತರ ಇವತ್ತಿಗೂ ಚರ್ಚೆಯಲ್ಲಿದೆ. ಅವರು ಕಕ್ಷಿದಾರರನ್ನು ಎರಡಾಗಿ ನೋಡಿದರು: ಬದುಕಿನಲ್ಲಿ ಒಂದೇ ಸಲ ಕೋರ್ಟಿಗೆ ಬರುವವರು, ಮತ್ತೆ ಮತ್ತೆ ಬರುವವರು. ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಇದೊಂದೇ ಕೇಸು. ಎದುರಿಗಿರುವ ವಿಮಾ ಕಂಪನಿಗೆ ಇದು ಸಾವಿರದಲ್ಲಿ ಒಂದು. ಕಂಪನಿಗೆ ಅವಸರವಿಲ್ಲ. ಸೋಲಬಹುದಾದ ಕೇಸನ್ನು ಮೊದಲೇ ರಾಜಿ ಮಾಡಿಕೊಂಡು, ಗೆಲ್ಲುವಂಥದ್ದನ್ನು ಮಾತ್ರ ಮೇಲಿನ ಕೋರ್ಟಿಗೆ ಒಯ್ಯಬಹುದು. ಕಾಲ ಕಳೆದಂತೆ ನಿಯಮವೇ ಅದರ ಕಡೆ ವಾಲುತ್ತದೆ. ಯಾರೂ ಲಂಚ ಕೊಡದೆ, ಜಡ್ಜ್ ಪ್ರಾಮಾಣಿಕರಾಗಿದ್ದೂ ಹೀಗಾಗಬಹುದು ಅನ್ನುವುದೇ ಅವರ ಮಾತಿನ ತೂಕ.

ಲೋಕ ಅದಾಲತ್‌ಗೂ ಇದೇ ಕಣ್ಣು ಹಾಯಿಸಬೇಕು. ಒಂದೇ ದಿನ ಲಕ್ಷಗಟ್ಟಲೆ ಕೇಸು ಇತ್ಯರ್ಥ ಅಂತ ಸುದ್ದಿ ಬರುತ್ತದೆ, ಅದರಲ್ಲಿ ಟ್ರಾಫಿಕ್ ದಂಡ, ಕೋರ್ಟಿಗೇ ಬಾರದ ಬ್ಯಾಂಕ್ ಸಾಲದ ವ್ಯಾಜ್ಯವೂ ಸೇರಿರುತ್ತದೆ. ತಡವಾಗುತ್ತದೆ ಅಂತ ಹೆದರಿ ಕಡಿಮೆಗೆ ಒಪ್ಪಿಕೊಂಡವರು ಎಷ್ಟು? ಅಲ್ಲಿನ ಆದೇಶಕ್ಕೆ ಮೇಲ್ಮನವಿಯೂ ಇಲ್ಲ.

ಊರ ಪಂಚಾಯ್ತಿಕೆಯನ್ನೂ 'ಕಾನೂನು' ಅಂತ ಕರೀಬೇಕಾ?

ಕರೆಯಬೇಕು ಅನ್ನುವವರ ವಾದ: ಸರ್ಕಾರದ್ದು ಮಾತ್ರ ಕಾನೂನು ಅಂದುಕೊಂಡರೆ ಜನ ನಿಜಕ್ಕೂ ಯಾವುದಕ್ಕೆ ತಲೆಬಾಗುತ್ತಾರೆ ಅಂತ ಕಾಣುವುದೇ ಇಲ್ಲ. ಬೇಡ ಅನ್ನುವವರ ವಾದ: ಎಲ್ಲವನ್ನೂ ಕಾನೂನು ಅಂದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ, ಮೇಲಾಗಿ ಬಹಿಷ್ಕಾರ ಹಾಕುವ ಯಜಮಾನರಿಗೂ ಒಂದು ಗೌರವ ಕೊಟ್ಟ ಹಾಗಾಗುತ್ತದೆ. ಅಂತರ್ಜಾತಿ ಮದುವೆಯಾದವರ ಮನೆಗೆ ನೀರು, ಬೆಂಕಿ ನಿಲ್ಲಿಸುವುದನ್ನು "ಸ್ಥಳೀಯ ನ್ಯಾಯ" ಅಂತ ತಣ್ಣಗೆ ಬರೆದುಬಿಟ್ಟರೆ ಓದುವವರಿಗೆ ಕೋಪ ಬರುವುದು ಸಹಜ. ನನಗನ್ನಿಸುವುದು, ಹೆಸರಿನ ಜಗಳ ಪಕ್ಕಕ್ಕಿಟ್ಟು ಎರಡರ ನಡುವಿನ ಓಡಾಟ ನೋಡಬೇಕು. ಪಂಚಾಯ್ತಿಕೆಯಲ್ಲಿ ಒಪ್ಪದವರು ಠಾಣೆಗೆ ಹೋಗುತ್ತಾರೆ, ಠಾಣೆಯವರು "ಊರಲ್ಲೇ ಮುಗಿಸಿಕೊಳ್ಳಿ" ಅಂತ ವಾಪಸ್ ಕಳಿಸುತ್ತಾರೆ. ಯಾರಿಗೆ ಯಾವ ಬಾಗಿಲು ತೆರೆಯಿತು, ಅದೇ ಮುಖ್ಯ.

'ಪುಸ್ತಕದಲ್ಲಿ ಒಂದು, ನೆಲದಲ್ಲಿ ಇನ್ನೊಂದು' ಅಂತ ತೋರಿಸಿದ್ರೆ ಪ್ರಬಂಧ ಮುಗೀತಲ್ವಾ?

ಈ ಬಗೆಯ ಪ್ರಬಂಧಗಳ ಮೇಲೆ ದಶಕಗಳಿಂದ ದೂರಿದೆ. ಅಂತರ ಇದೆ ಅನ್ನುವುದು ಶುರುವಿಗೇ ಗೊತ್ತಿರುವ ಸಂಗತಿ. ಅದನ್ನೇ ತೀರ್ಮಾನ ಮಾಡಿದರೆ ಕಾನೂನಿನ ಉದ್ದೇಶ ಒಳ್ಳೆಯದೇ ಇತ್ತು, ಜಾರಿಯವರು ಕೆಡಿಸಿದರು ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಉದ್ದೇಶವೂ ಜಗಳದಲ್ಲೇ ಹುಟ್ಟಿದ್ದಲ್ವಾ?

ಪಿಟಿಸಿಎಲ್‌ನಲ್ಲಿ ಎಷ್ಟು ಜಮೀನು ವಾಪಸ್ ಬಂತು ಅಂತ ಎಣಿಸಿ ನಿಂತರೆ ಅರ್ಧ ಕಥೆ. ಅರ್ಜಿಯನ್ನೇ ಹಾಕದ ಕಡೆಯೂ ಆ ಕಾಯ್ದೆ ಕೆಲಸ ಮಾಡುತ್ತದೆ. ಮಂಜೂರಾತಿ ಜಮೀನು ಅಂದರೆ ಕೊಳ್ಳುವವರು ಹಿಂಜರಿಯುತ್ತಾರೆ, ಬೆಲೆ ತಗ್ಗಿಸುತ್ತಾರೆ. ಕೇಸು ಹಾಕುತ್ತೇನೆ ಅಂದ ಮಾತಿಗೇ ಕೊಂಡವರು ಇನ್ನಷ್ಟು ದುಡ್ಡು ಕೊಟ್ಟು ಕಾಗದ ಬರೆಸಿಕೊಳ್ಳಬಹುದು. ಕಾನೂನು ಕೋರ್ಟಿನ ಹೊರಗೆ ಹೀಗೆ ಹರಡುವುದನ್ನು ಹಿಡಿಯಿರಿ.

ವೈದ್ಯಕೀಯದ ಥರ ಕಾನೂನಲ್ಲೂ ಪ್ರಯೋಗ ಮಾಡಬಹುದಾ? ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ?

ಮಾಡಿದ್ದಾರೆ. ಮಧ್ಯಪ್ರದೇಶದ 180 ಠಾಣೆಗಳಲ್ಲಿ ಕೆಲವಕ್ಕೆ ಚೀಟಿ ಎತ್ತಿದ ಹಾಗೆ ಮಹಿಳಾ ಸಹಾಯ ಕೇಂದ್ರ ಕೊಟ್ಟು, ಉಳಿದವಕ್ಕೆ ಕೊಡದೆ ನೋಡಿದ ಅಧ್ಯಯನ 2022ರಲ್ಲಿ ಬಂತು. ಕೇಂದ್ರ ಇದ್ದ ಕಡೆ ಮಹಿಳೆಯರ ದೂರು ದಾಖಲಾಗುವುದು ಹೆಚ್ಚಿತು, ಮಹಿಳಾ ಅಧಿಕಾರಿಗಳು ನಡೆಸಿದ ಕಡೆ ಇನ್ನೂ ಚೆನ್ನಾಗಿ. ಅಮೆರಿಕದಲ್ಲಿ ಉಚಿತ ಕಾನೂನು ನೆರವನ್ನು ಹೀಗೆ ಹಂಚಿ ನೋಡಿದಾಗ, ನಿರುದ್ಯೋಗ ಭತ್ಯೆಯ ಮೇಲ್ಮನವಿಯಲ್ಲಿ ನೆರವು ಕೊಡುತ್ತೇವೆ ಅಂದದ್ದರಿಂದ ಗೆಲುವು ಹೆಚ್ಚಲಿಲ್ಲ, ತಡವಾಯಿತು ಅಂತ 2012ರಲ್ಲಿ ಬಂದು ದೊಡ್ಡ ಗದ್ದಲವಾಯಿತು.

ನೆರವು ಎಲ್ಲರಿಗೂ ಕೊಡುವಷ್ಟಿಲ್ಲ, ಹೇಗೂ ಕೆಲವರಿಗೆ ಸಿಗುವುದಿಲ್ಲ, ಚೀಟಿ ಎತ್ತುವುದೇ ನ್ಯಾಯ ಅನ್ನುವುದು ಒಂದು ವಾದ. ಮನೆಯಿಂದ ಹೊರಹಾಕಿಸಿಕೊಳ್ಳುವ ಹೊತ್ತಲ್ಲಿ ನಿಂತ ಹೆಂಗಸಿಗೆ "ನೀವು ಇನ್ನೊಂದು ಗುಂಪು" ಅಂತ ಯಾರು ಹೇಳುತ್ತಾರೆ ಅನ್ನುವುದು ಇನ್ನೊಂದು. ನಾನು ಎರಡನೆಯವರ ಕಡೆ. ಠಾಣೆಗೆ, ಕಚೇರಿಗೆ ಚೀಟಿ ಎತ್ತಿ, ಆಪತ್ತಿನಲ್ಲಿರುವ ಮನುಷ್ಯರಿಗೆ ಬೇಡ.

ದಲಿತರ ಕೇಸುಗಳ ಮೇಲೆ ಮೇಲ್ಜಾತಿಯವರು ಸಂಶೋಧನೆ ಮಾಡಬಾರದಾ?

ಗೋಪಾಲ್ ಗುರು 2002ರಲ್ಲಿ ಎತ್ತಿದ ಪ್ರಶ್ನೆ ಇದಕ್ಕಿಂತ ತೀಕ್ಷ್ಣ. ಸಿದ್ಧಾಂತ ಕಟ್ಟುವ ಕೆಲಸ ಮೇಲ್ಜಾತಿಯವರದ್ದು, ಮಾಹಿತಿ ಒದಗಿಸುವುದು ಕೆಳಗಿನವರದ್ದು ಎಂಬ ಹಂಚಿಕೆ ನಮ್ಮ ಸಮಾಜವಿಜ್ಞಾನದೊಳಗೇ ಇದೆ ಅಂತ ಅವರು ಹೇಳಿದರು. ಯಾರು ಮಾಡಬಾರದು ಅಂತ ಬಾಗಿಲು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಆದರೆ ನಿಮ್ಮ ಜತೆ ಊರೂರು ತಿರುಗಿದ, ಜನರ ಬಾಯಿ ಬಿಡಿಸಿದ ಸ್ಥಳೀಯ ಕಾರ್ಯಕರ್ತರ ಹೆಸರು ಮುನ್ನುಡಿಯ ಧನ್ಯವಾದದಲ್ಲಿ ಇದೆಯಾ, ಲೇಖಕರ ಸಾಲಿನಲ್ಲಿ ಇದೆಯಾ? ಮೊದಲು ಅದನ್ನು ನೋಡಿ. ಎಸಿ ಕಚೇರಿಯಲ್ಲಿ ನಿಮಗೆ ಕುರ್ಚಿ ಹಾಕಿ ಅರ್ಜಿದಾರರನ್ನು ನಿಲ್ಲಿಸಿದ್ದರೆ, ಅದನ್ನೂ ಟಿಪ್ಪಣಿಯಲ್ಲಿ ಬರೆಯಿರಿ. ಅದೂ ದತ್ತಾಂಶವೇ.

ಸಂದರ್ಶನ, ಕಡತ ಎಲ್ಲಾ ಎಐಗೆ ಹಾಕಿ ವಿಶ್ಲೇಷಣೆ ಮಾಡಿಸಬಹುದಾ?

ಪ್ರಕಟವಾದ ತೀರ್ಪುಗಳಾದರೆ ಮಾಡಿಸಿ ನೋಡಬಹುದು, ಆದರೆ ಒಂದು ಭಾಗವನ್ನು ನೀವೇ ಕೈಯಲ್ಲಿ ವರ್ಗೀಕರಿಸಿ ಎರಡೂ ಹೊಂದುತ್ತವಾ ಅಂತ ನೋಡಿಕೊಳ್ಳಿ, ಎಷ್ಟು ಹೊಂದಿತು ಅಂತ ಪ್ರಬಂಧದಲ್ಲಿ ಬರೆಯಿರಿ. ಸುಪ್ರೀಂ ಕೋರ್ಟಿನ ಸುವಾಸ್ ತಂತ್ರಾಂಶ 2019ರಿಂದ ತೀರ್ಪುಗಳನ್ನು ಕನ್ನಡ ಸೇರಿ ಹಲವು ಭಾಷೆಗೆ ತರುತ್ತಿದೆ. ಓದಿ ಅರ್ಥಮಾಡಿಕೊಳ್ಳೋಕೆ ಅನುಕೂಲ, ಆದರೆ ಪದಪದದ ವಿಶ್ಲೇಷಣೆಗೆ ಮೂಲವನ್ನೇ ಹಿಡಿಯಬೇಕು.

ಕೈಬರಹದ ಕನ್ನಡ ಕಡತ, ಅದೂ ಹಳೆಯ ಮಂಜೂರಾತಿ ನಡವಳಿ, ಒತ್ತಕ್ಷರ ಮಸುಕಾದ ಕಾರ್ಬನ್ ಪ್ರತಿ, ಇವುಗಳಲ್ಲಿ ಯಂತ್ರ ಸರ್ವೆ ನಂಬರನ್ನೇ ತಪ್ಪಾಗಿ ಓದುವ ಅಪಾಯ ಜಾಸ್ತಿ. ಒಂದು ಅಂಕೆ ತಪ್ಪಿದರೆ ಬೇರೆಯವರ ಹೊಲ. ಸಂದರ್ಶನದ ಧ್ವನಿ ಮುದ್ರಣವನ್ನಂತೂ ಹೊರಗಿನ ಸೇವೆಗೆ ಹಾಕಬೇಡಿ. ಒಪ್ಪಿಗೆ ಕೊಟ್ಟವರು ನಿಮಗೆ ಕೊಟ್ಟಿದ್ದಾರೆ, ಆ ಕಂಪನಿಗಲ್ಲ. ಹಾಕಲೇಬೇಕು ಅಂತಿದ್ದರೆ ಮೊದಲು ಅವರ ಹತ್ತಿರ ವಾಪಸ್ ಹೋಗಿ, ಹೀಗೆ ಮಾಡುತ್ತಿದ್ದೇನೆ ಅಂತ ಹೇಳಿ ಕೇಳಿ. ಬೇಡ ಅಂದರೆ ಕೂತು ನೀವೇ ಬರೆದುಕೊಳ್ಳಿ.